ನಂಬರಪ್ಪ ಕೊಟ್ಟ ಮೂರು

"ಇದು ಮೂರು."

ಅವನು ಹೇಳಿದ್ದು ಅಷ್ಟೇ. ಅದೂ ಮಗುವಿನ ಹಾಸಿಗೆಯ ಪಕ್ಕ ನಿಂತು, ತರಕಾರಿ ತೂಗುವವನ ದನಿಯಲ್ಲಿ!

ಡಾಕ್ಟರಮ್ಮ ತಲೆಯೆತ್ತಿ ನೋಡಿದಳು. ಕಥೆಗಳಲ್ಲಿ ರಾಜಕುಮಾರ ಕುದುರೆಯೇರಿ ಬರುತ್ತಾನೆ. ಇವನು ಬಂದದ್ದು ಲಿಫ್ಟಿನಲ್ಲಿ. ಕತ್ತಿಯ ಜಾಗದಲ್ಲಿ ಕೆಂಪು ಪೆನ್ನು. ಸುಡುವ ಸೆಕೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ನೀಲಿ ಅಂಗಿ.

ಆಪರೇಷನ್ ಆದ ಮಕ್ಕಳಿಗೆ ಆಮೇಲೆ ಏನೇನು ತೊಂದರೆಯಾಯಿತೆಂದು ಹುಡುಕಿ, ಒಂದೊಂದಕ್ಕೂ ಗ್ರೇಡು ಹಾಕಲು ಆಸ್ಪತ್ರೆ ಹೊಸದಾಗಿ ತಂದ ಡಾಕ್ಟರ್ ಅವನು. ನಂಬರು ಏರಿದಷ್ಟೂ ತೊಂದರೆ ದೊಡ್ಡದೆಂದು ಲೆಕ್ಕ. ನರ್ಸುಗಳು ಅವನಿಗೆ ಇಟ್ಟ ಹೆಸರು ನಂಬರಪ್ಪ.

"ಮೂರಾ? ಹೊಲಿಗೆ ಕೆಳಗೆ ಚೂರು ಕೀವು. ಬಿಚ್ಚಿ ತೊಳೆದೆ. ಪಕ್ಕದ ಹಾಸಿಗೆ ಮಗುಗೆ ದೊಡ್ಡ ಡಾಕ್ಟರು ಮಾಡಿದ್ದೂ ಅದೇ. ಅದಕ್ಕೆ ಮಾತ್ರ ಒಂದು ಹಾಕಿದ್ದೀರಿ!"

"ಅವರು ಹಾಸಿಗೆ ಮೇಲೇ ಬಿಚ್ಚಿದ್ರು. ನೀವು ಥಿಯೇಟರಿಗೆ ಕರ್ಕೊಂಡು ಹೋಗಿ ಅನಸ್ತೇಸಿಯ ಕೊಡಿಸಿದ್ರಿ. ಸರಿಮಾಡೋಕೆ ಏನು ಮಾಡಿದ್ರಿ ಅನ್ನೋದರ ಮೇಲೆ ಗ್ರೇಡು."

"ಐದು ವರ್ಷದ ಹುಡುಗಿ ರೀ ಅವಳು! ಎಚ್ಚರ ಇರೋವಾಗಲೇ ಬಿಚ್ಚಬೇಕಿತ್ತಾ?"

"ಹಾಗಂತ ನಾನು ಹೇಳ್ಲಿಲ್ಲ."

"ಮತ್ತೇನು ಹೇಳಿದ್ರಿ?"

"ಇದು ಮೂರು ಅಂದೆ."

ಅಬ್ಬಬ್ಬಾ... ಗೋಡೆಗೆ ಅಂಗಿ ತೊಡಿಸಿದರೆ ಅದು ಇವನಿಗಿಂತ ಚೆನ್ನಾಗಿ ಮಾತಾಡೀತು!

ಅವಳು ಬೆನ್ನು ತಿರುಗಿಸಿ ಮಗುವಿನ ಮುಂದೆ ಅಂಗೈ ಚಾಚಿದಳು. ಯಾವ ಮಗುವಿನ ಕೈಯನ್ನೂ ಅವಳು ಹಿಡಿದೆಳೆದವಳಲ್ಲ. ಅಂಗೈ ಬಿಚ್ಚಿ ಕಾಯುವುದು, ಮಗು ತಾನಾಗಿ ಕೈಯಿಟ್ಟ ಮೇಲಷ್ಟೇ ಬ್ಯಾಂಡೇಜು ಮುಟ್ಟುವುದು. ಹುಡುಗಿ ಕೆನ್ನೆ ಊದಿಸಿ ಬಹಳ ಯೋಚಿಸಿದಳು. ಕೊನೆಗೆ ದೊಡ್ಡ ಉಪಕಾರವೆಂಬಂತೆ ಒಂದು ಬೆರಳಿಟ್ಟಳು.

ನಂಬರಪ್ಪ ಇನ್ನೂ ಬಾಗಿಲಲ್ಲೇ ನಿಂತಿದ್ದ.

'ಇನ್ನೇನು, ಬೆರಳಿಗೂ ಗ್ರೇಡು ಹಾಕ್ತಾನಾ?'

ಅವಳ ಸಿಟ್ಟಿಗೆ ಕಾರಣವಿತ್ತು. ಅವಳು ಒಬ್ಬಳೇ ಆಪರೇಷನ್ ಮಾಡುವುದನ್ನು ಮುಂದುವರಿಸಬೇಕೋ, ಇಲ್ಲ ಕೆಳಗಿನ ಕೋಣೆಯಲ್ಲಿ ಕೂತು ಔಷಧಿ ಚೀಟಿ ಬರೆಯಬೇಕೋ ಎಂಬುದು ಈ ಶನಿವಾರದ ಮೀಟಿಂಗಿನಲ್ಲಿ ತೀರ್ಮಾನವಾಗಲಿತ್ತು. ಅವಳ ಹೆಸರಿನೆದುರು ಮೂರು, ಮೂರು, ಮೂರು... ದೊಡ್ಡ ಡಾಕ್ಟರ ಹೆಸರಿನೆದುರು ಒಂದು, ಒಂದು, ಒಂದು!

ಮನೆಗೆ ಬಂದರೂ ಬಾಯಿ ಸುಮ್ಮನಿರಲಿಲ್ಲ.

"ಅವನ ಆ ನೀಲಿ ಅಂಗಿ ನೋಡಬೇಕು ಅಜ್ಜಿ! ಇಸ್ತ್ರಿಪೆಟ್ಟಿಗೆ ತಬ್ಕೊಂಡೇ ಮಲಗ್ತಾನೇನೋ. ಯಾರಿಗೂ ಕೈ ಕುಲುಕಲ್ಲ. ಕುಲುಕಿದ್ರೆ ನಂಬರೆಲ್ಲ ಉದುರಿಹೋಗುತ್ತೆ!"

"ಅಲ್ವೇ, ಆ ದೊಡ್ಡ ಡಾಕ್ಟರನ್ನ ಕಂಡ್ರೂ ನಿನಗೆ ಆಗಲ್ಲ. ಅವನ ಅಂಗಿ ಯಾವ ಬಣ್ಣ?"

"ನಂಗೇನು ಗೊತ್ತು?"

"ಹೂಂ... ಊಟ ಮಾಡು, ಆರಿಹೋಗುತ್ತೆ." ಅಜ್ಜಿ ನಗುವನ್ನು ಸೆರಗಿನಲ್ಲಿ ಒರೆಸಿಕೊಂಡಳು.

ಮರುದಿನ ನಂಬರಪ್ಪ ದೊಡ್ಡ ಡಾಕ್ಟರ ರೋಗಿಗಳ ಬಳಿ, ಒಂದೊಂದು ಮಗುವಿನ ಪಕ್ಕದಲ್ಲೂ ಕೂತು ಪಿಸುಗುಟ್ಟುತ್ತಿದ್ದ. ಹಿಂದೆಯೇ ದೊಡ್ಡ ಡಾಕ್ಟರ ನಗು. "ಭಲೇ! ನಮ್ಮ ಲೆಕ್ಕ ಚೆನ್ನಾಗಿ ಬರಬೇಕಪ್ಪಾ!"

'ಬಾಲಬಡುಕ!' ಎಂದುಕೊಂಡಳು. ಆದರೆ ಎದೆಯಲ್ಲಿ ಏನೋ ಚುಚ್ಚಿತು. ಅವನು ಬಾಲಬಡುಕನೇ ಆದರೆ ತನಗೇಕೆ ನೋವು?

ಶನಿವಾರ ಬಂತು. ಆಸ್ಪತ್ರೆಯ ಮುಖ್ಯಸ್ಥೆ ನಡುವಿನ ಕುರ್ಚಿಯಲ್ಲಿದ್ದರು. ದೊಡ್ಡ ಡಾಕ್ಟರು ಬೆನ್ನು ಒರಗಿಸಿ, ಅನುಕಂಪವನ್ನು ಹಲ್ಲುಕಡ್ಡಿಯಂತೆ ಬಾಯಲ್ಲಾಡಿಸುತ್ತ ಮಾತಾಡಿದರು.

"ನೋಡಮ್ಮಾ, ಬೇಜಾರು ಮಾಡ್ಕೋಬೇಡ. ಎಲ್ಲರ ಕೈಗೂ ಚಾಕು ಒಗ್ಗಲ್ಲ. ಮೂರುಗಳೇ ಹೇಳ್ತಾ ಇವೆಯಲ್ಲ."

ಅವರ ಸುತ್ತಲಿನ ತಲೆಗಳೆಲ್ಲ ಆಡಿದವು. ಅವರು ಸೀನಿದರೂ ಆಡುವ ತಲೆಗಳು ಅವು!

ನಂಬರಪ್ಪ ಎದ್ದು ನಿಂತ. "ಸರ್, ನಿಮ್ಮ ಒಂದುಗಳ ಬಗ್ಗೆ ಕೇಳಬೇಕಿತ್ತು. ಬಿಚ್ಚೋವಾಗ ಮಕ್ಕಳನ್ನ ಹಿಡ್ಕೊಂಡಿದ್ದು ಯಾರು?"

"ಯಾರೋ ಹಿಡ್ಕೊಂಡಿರ್ತಾರೆ. ಕ್ಷಣದ ಕೆಲಸ. ಮಕ್ಕಳು ಅಳ್ತಾವೆ, ಮರೀತಾವೆ."

"ಮರೆತಿಲ್ಲ ಸರ್. ಎಲ್ಲರನ್ನೂ ಮಾತಾಡಿಸಿದೆ. ಬಿಳಿ ಕೋಟು ಕಂಡ್ರೆ ಹೊದಿಕೆಯೊಳಗೆ ನುಗ್ತಾವೆ."

ಹಿಂದಿನ ಸಾಲಿನಿಂದ ಹಿರಿಯ ನರ್ಸಿನ ದನಿ ಬಂತು. "ಒಂದು ಮಗು ಕಾಲು ನಾನೇ ಹಿಡ್ಕೊಂಡಿದ್ದೆ. ಕೈ ಅದರಮ್ಮ. ಆಯಮ್ಮನೂ ಅಳ್ತಿದ್ಲು."

ಯಾವ ತಲೆಯೂ ಆಡಲಿಲ್ಲ.

"ಗ್ರೇಡು ನಾನು ಬದಲಾಯಿಸಲ್ಲ," ಎಂದ ನಂಬರಪ್ಪ. "ಮೂರು ಮೂರೇ. ಆದ್ರೆ ಕೀವು ತುಂಬಿದ್ದು ಇಬ್ಬರ ರೋಗಿಗಳಲ್ಲೂ ಸರಿಸಮ. ವ್ಯತ್ಯಾಸ ಇಷ್ಟೇ, ಇವರು ಮಕ್ಕಳಿಗೆ ಅನಸ್ತೇಸಿಯ ಕೊಡಿಸಿ ಮಲಗಿಸಿದ್ರು, ಅವರು ಒತ್ತಿ ಹಿಡಿಸಿದ್ರು. ಇದಕ್ಕೆ ಇವರನ್ನ ಕೆಳಗೆ ಕಳಿಸಿದ್ರೆ, ನಾಳೆಯಿಂದ ಎಲ್ಲರೂ ಹಿಡಿಸೋದನ್ನೇ ಕಲೀತಾರೆ."

ಮುಖ್ಯಸ್ಥೆ ಕನ್ನಡಕ ತೆಗೆದಿಟ್ಟರು. "ಇನ್ನು ಮೇಲೆ ಹೇಗೆ ಬಿಚ್ಚಿದ್ರು ಅನ್ನೋದೂ ಲೆಕ್ಕಕ್ಕೆ ಬರಲಿ. ಡಾಕ್ಟರಮ್ಮ, ಸೋಮವಾರದ ಆಪರೇಷನ್ ನಿಮ್ಮದೇ."

ದೊಡ್ಡ ಡಾಕ್ಟರಿಗೆ ಫೋನಿನಲ್ಲಿ ತುರ್ತಾಗಿ ನೋಡಲು ಏನೋ ಸಿಕ್ಕಿತು.

ಮೀಟಿಂಗ್ ಮುಗಿದ ಮೇಲೆ ಅವಳು ಮೆಟ್ಟಿಲ ಬಳಿ ನಂಬರಪ್ಪನನ್ನು ಹಿಡಿದು ನಿಲ್ಲಿಸಲಿಲ್ಲ. ಅಡ್ಡ ಬಂದು ನಿಂತಳು, ಅಷ್ಟೇ.

"ಒಂದು ಅಂತ ಹಾಕಿಬಿಟ್ಟಿದ್ರೆ ಇಷ್ಟು ರಗಳೆನೇ ಇರ್ತಿರ್ಲಿಲ್ಲ."

"ನಿಮಗೋಸ್ಕರ ಸುಳ್ಳು ಬರೆದಿದ್ರೆ, ಇವತ್ತು ನಿಮ್ಮ ಪರ ನನ್ನ ಮಾತು ಯಾರು ನಂಬ್ತಿದ್ರು?"

"ಮೊದಲೇ ಹೇಳಬಾರದಿತ್ತಾ? ನರ್ಸುಗಳ ಹತ್ರ ಎಷ್ಟು ಬೈದೆ ನಿಮ್ಮನ್ನ!"

"ಕೇಳಿಸ್ತಿತ್ತು. ವಾರ್ಡಿನ ಗೋಡೆ ತೆಳು."

ಅವನು ತೋಳಿನ ಗುಂಡಿ ಬಿಚ್ಚಿದ. ಮಣಿಕಟ್ಟಿನ ಮೇಲೆ ಹಳೆಯ ಗಾಯದ ಗೆರೆ.

"ಚಿಕ್ಕವನಿದ್ದಾಗ ನನ್ನನ್ನೂ ಒತ್ತಿ ಹಿಡಿದಿದ್ರು. ಈ ಗಾಯ ಬಿಚ್ಚೋಕೆ. ಆಮೇಲೆ ಯಾರು ಕೈ ಹಿಡಿದ್ರೂ ಮೈ ಬೆವರುತ್ತೆ..." ಅವನ ದನಿ ಇಳಿಯಿತು. "ನೀವು ಆ ಹುಡುಗಿ ಮುಂದೆ ಅಂಗೈ ಚಾಚಿದ್ರಲ್ಲ, ಅವತ್ತಿಂದ ದಿನಾ ನಿಮ್ಮ ವಾರ್ಡಿಗೆ ಬರ್ತಿದ್ದೆ. ಗ್ರೇಡು ಹಾಕೋಕೆ ಏನೂ ಇಲ್ಲದ ದಿನವೂ. ನೀವಂದ್ರೆ ನನಗೆ ಇಷ್ಟ. ತುಂಬಾ..."

ಅವಳು ಬೈಗುಳ ಹುಡುಕಿದಳು. ಒಂದೂ ಸಿಗಲಿಲ್ಲ!

ಅವಳು ಅಂಗೈ ಬಿಚ್ಚಿ ಅವನ ಮುಂದೆ ಚಾಚಿದಳು. ಕಾದಳು.

"ಅವಸರ ಇಲ್ಲ," ಎಂದಳು ಮೆಲ್ಲಗೆ.

ಅವನು ಮೊದಲು ಒಂದು ಬೆರಳಿಟ್ಟ. ಆಮೇಲೆ ಪೂರ್ತಿ ಕೈ.

"ಬೆವರ್ತಾ ಇದೆಯಾ?"

"ಇದೆ... ತೆಗೀಬೇಡಿ."