ಸುಭದ್ರಾಬಾಯಿಯ ಕಾರ್ಡುಗಳು

“ಈ ಕಾರ್ಡಿಗೆ ನಿಂದು ನೀ ಕೇಳ್ಕೋ ತಂಗಿ. ಇನ್ನೊಬ್ಬರದು ನನಗ ಬರ್ಲಿ ಅಂತ ಮಾತ್ರ ಕೇಳಬ್ಯಾಡ. ಅದು ಸ್ವಲ್ಪ ಕೊಡಂಗಿಲ್ಲ, ಅಷ್ಟೂ ಕೊಡ್ತದ.”

ಸುಭದ್ರಾಬಾಯಿಯ ಮಾತಿಗೆ ಸಂಘಮಿತ್ರಾ ಕಿಸಕ್ಕನೆ ನಕ್ಕಳು. “ನಮ್ಮ ಮನ್ಯಾಗ ಇಂಥಾವು ಯಾರೂ ನಂಬಂಗಿಲ್ರಿ ಬಾಯಾರ.”

ಜೇವರ್ಗಿಯಿಂದ ಬಂದು ಚೌಡಾಪುರದ ರಸ್ತೆ ಬದಿಯಲ್ಲಿ ಅವಳು ಹೊಲಿಗೆ ಅಂಗಡಿ ತೆರೆದು ಮೂರು ತಿಂಗಳಾಗಿತ್ತು. ಗಂಡ ತೀರಿದ ಮೇಲೆ ಐದು ವರ್ಷದ ಮಗಳು ಸುಜಾತಾಳೇ ಅವಳ ಜೀವ. ಪಕ್ಕದ್ದೂ ಹೊಲಿಗೆ ಅಂಗಡಿಯೇ, ಸುಭದ್ರಾಬಾಯಿಯದು. ಮಕ್ಕಳಿಲ್ಲದ ಆ ಹೆಂಗಸು ಸುಜಾತಾ ಎದುರಿಗೆ ಬಂದರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಸುಭದ್ರಾಬಾಯಿಯ ಹೊಲಿಗೆಯ ಚೆಂದ ಕೇಳಬೇಡಿ. ತೋಳು ಒಂದು ಉದ್ದ, ಒಂದು ಗಿಡ್ಡ. ಆದರೂ ಗಿರಾಕಿಗಳೆಲ್ಲ ಅಲ್ಲೇ. ಬೆಳಿಗ್ಗೆ ಕರಿ ಬಟ್ಟೆ ಬಿಚ್ಚಿ, ಭವಿಷ್ಯ ಹೇಳುವ ಟ್ಯಾರೋ ಕಾರ್ಡುಗಳನ್ನು ಹರಡುವಳು. ಹಸಿರು ಬ್ಲೌಸು ಮೊದಲು ಕತ್ತರಿಸಲೇ? ಚಿತ್ರ ನೆಟ್ಟಗೆ ಬಂದರೆ ಹೂಂ, ತಲೆಕೆಳಗಾಗಿ ಬಂದರೆ ಬೇಡ. ಚಹಾ ಕುಡಿಯುವುದಕ್ಕೂ ಒಂದು ಕಾರ್ಡು. ಸಂಘಮಿತ್ರಾಳಿಗೆ ಅದ್ಯಾವುದೂ ಕಾಣಲಿಲ್ಲ. ಕಂಡದ್ದು ಬಾಗಿಲಲ್ಲಿನ ಗದ್ದಲ ಮಾತ್ರ. ಹೊಟ್ಟೆ ಧಗಧಗ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಸುಭದ್ರಾಬಾಯಿ ಊಟಕ್ಕೆ ಒಳಗೆ ಹೋದಳು. ಕಾರ್ಡುಗಳು ಮಷೀನಿನ ಮೇಲೇ ಇದ್ದವು. ಸಂಘಮಿತ್ರಾ ಮೆಲ್ಲಗೆ ಅವಳ ಅಂಗಡಿಗೆ ಕಾಲಿಟ್ಟಳು. ಹೊರಗೆ ಸುಡುಬಿಸಿಲು, ಕಾರ್ಡುಗಳು ಮಾತ್ರ ತಣ್ಣಗೆ, ಒದ್ದೆಯಾಗಿದ್ದವು. ಸುಟ್ಟ ಕೂದಲಿನ ವಾಸನೆ.

“ಬಾಯಾರಿಗೆ ಇರೋದಷ್ಟೂ ನನಗ ಬರ್ಲಿ.”

ಒಂದನ್ನು ಎಳೆದಳು. ಕಣ್ಣಿಗೆ ಬಟ್ಟೆ, ಕೈಗೆ ಹಗ್ಗ, ಸುತ್ತ ಎಂಟು ಕತ್ತಿ, ನಡುವೆ ಒಬ್ಬ ಹೆಂಗಸು. ಚಿತ್ರ ನೆಟ್ಟಗಿತ್ತು. ಹಿಂದೆ, ಕುತ್ತಿಗೆಯ ಹತ್ತಿರವೇ, ಯಾರೋ ನಿಧಾನವಾಗಿ ಉಸಿರು ಬಿಟ್ಟರು. ತಿರುಗಿದಳು. ಯಾರೂ ಇರಲಿಲ್ಲ.

ಮರುದಿನ ಗಿರಾಕಿಗಳೆಲ್ಲ ಅವಳ ಬಾಗಿಲಲ್ಲಿ. ಖುಷಿಗೆ ಕತ್ತರಿ ಎತ್ತಿಕೊಳ್ಳಹೋದರೆ ಕೈ ಮೇಲೇಳಲಿಲ್ಲ. ಕರಿ ಬಟ್ಟೆಯ ಗಂಟು ಅವಳ ಮಷೀನಿನ ಮೇಲೆ ಕೂತಿತ್ತು. ಬಿಚ್ಚಿ, ಕತ್ತರಿ ಎತ್ತಲೇ ಎಂದು ಕೇಳಿದಳು. ಚಿತ್ರ ನೆಟ್ಟಗೆ ಬಂತು, ಕೈ ಎದ್ದಿತು. ಮೂರನೆಯ ದಿನಕ್ಕೆ ನೀರು ಕುಡಿಯಲೂ ಕೇಳಬೇಕಾಯಿತು. ಕುತ್ತಿಗೆಯ ಮೇಲಿನ ಆ ಉಸಿರು ಒಂದು ಗಳಿಗೆಯೂ ಬಿಡಲಿಲ್ಲ.

ಸುಭದ್ರಾಬಾಯಿ ಖಾಲಿ ಅಂಗಡಿಯ ಮುಂದೆ ಕೂತು ಬಟ್ಟಲ ಮೇಲೆ ಬಟ್ಟಲು ಚಹಾ ಹೀರುತ್ತಿದ್ದಳು. “ಹದಿನೆಂಟು ವರ್ಷ ಆತು ತಂಗಿ, ಯಾರನ್ನೂ ಕೇಳದ ಚಾ ಕುಡದು.” ಸಂಘಮಿತ್ರಾಳಿಗೆ ಆ ಚಹಾದ ಮೇಲೂ ಹೊಟ್ಟೆಕಿಚ್ಚಾಯಿತು.

ಶುಕ್ರವಾರ ನಡುಮಧ್ಯಾಹ್ನ. ರಸ್ತೆ ಖಾಲಿ. ದಾರದ ಉಂಡೆಯೊಂದು ಹೊರಗೆ ಉರುಳಿತು. ಅದರ ಹಿಂದೆ ಸುಜಾತಾ ಓಡಿದಳು. ಹವಳಗಾದ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರು ದಡದಡ ಬರುತ್ತಿತ್ತು.

ಏಳಬೇಕು. ಕಾಲು ಏಳಲಿಲ್ಲ. ಕೂಗಬೇಕು. ನಾಲಿಗೆ ಹೊರಳಲಿಲ್ಲ. ಕೈ ಮಾತ್ರ ಕಾರ್ಡುಗಳತ್ತ ಹೋಯಿತು. ಏಳಲೇ? ಎಳೆದಳು. ತಲೆಕೆಳಗು. ಮತ್ತೆ ಎಳೆದಳು. ತಲೆಕೆಳಗು. ಹಾರ್ನ್. ಮತ್ತೆ. ತಲೆಕೆಳಗು. ಧೂಳು.

ಧೂಳು ಇಳಿದಾಗ ರಸ್ತೆಯ ಆಚೆ ಸುಭದ್ರಾಬಾಯಿ ಮಗುವನ್ನು ಎದೆಗವಚಿಕೊಂಡು ಕೂತಿದ್ದಳು. ಅವಳ ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಅವಳು ಯಾರನ್ನೂ ಕೇಳಿರಲಿಲ್ಲ, ಸುಮ್ಮನೆ ಓಡಿದ್ದಳು. ಸಂಘಮಿತ್ರಾಳಿಗೆ ಹೋದ ಜೀವ ಬಂತು.

“ಅವ್ವಾ,” ಎಂದಳು ಸುಜಾತಾ, ಸುಭದ್ರಾಬಾಯಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿ.

“ನಾ ಅಲ್ಲವ್ವಾ, ನಿಮ್ಮವ್ವ ಅಲ್ಲಿ ಕುಂತಾಳ ನೋಡು.”

ಮಗು ತಿರುಗಿ ಸಂಘಮಿತ್ರಾಳನ್ನು ನೋಡಿತು. ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿ, ಸುಭದ್ರಾಬಾಯಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿತು.

“ನಾ ಕೇಳಿದ್ದಿಲ್ಲ ತಂಗಿ,” ಸುಭದ್ರಾಬಾಯಿ ಅಳತೊಡಗಿದಳು. “ನನ್ನದಷ್ಟೂ ನೀ ಕೇಳಿದಿ. ನಿನ್ನದಷ್ಟೂ ನನಗ ಬಂತು.” ಹಾಗೆನ್ನುತ್ತಲೇ ಅವಳ ಕೈ ಮಗುವಿನ ಕೂದಲನ್ನು ನೇವರಿಸುತ್ತಿತ್ತು.

ಸಂಘಮಿತ್ರಾಳ ಕಣ್ಣು ತುಂಬಿದವು. ಒಂದು ಹನಿಯೂ ಕೆಳಗಿಳಿಯಲಿಲ್ಲ. ಅಳಲೇ ಎಂದು ಕೇಳಿ ಕಾರ್ಡು ಎಳೆದಳು.

ಚಿತ್ರ ತಲೆಕೆಳಗಾಗಿತ್ತು.