ಬಳೆಮಂಟಪದ ಅಂಚು

ಯಳಂದೂರಿನ ಬಳೆಮಂಟಪದ ಮೂಲೆಯಲ್ಲಿ ಇಳಿಬಿದ್ದ ಕಲ್ಲುಬಳೆಗಳ ಸರಪಳಿಯನ್ನು ವಿಜಯ ನೋಡುತ್ತಿದ್ದಳು. ದೇವಣ್ಣ ಅವಳನ್ನು ನೋಡುತ್ತಿದ್ದ.

"ಸರಪಳಿ ಇಲ್ಲೈತೆ," ಎಂದಳು ವಿಜಯ, ತಿರುಗದೆಯೇ.

"ಬಳೆ ಎಣಿಸ್ತಾ ಇದ್ದೆ."

"ಎಷ್ಟವೆ?"

"ಬಲಗೈಲಿ ಆರು."

ಅವಳು ಸೆರಗೆಳೆದು ಕೈ ಮುಚ್ಚಿಕೊಂಡಳು. ಅಪ್ಪ ವೆಂಕಟಸ್ವಾಮಿ ಗೌರೀಶ್ವರನ ಗುಡಿಯೊಳಗೆ ಮಂಗಳಾರತಿಗೆ ನಿಂತಿದ್ದದ್ದು ಪುಣ್ಯ.

ಆಗ ಅವರ ಊರು ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಮದ್ರಾಸು ಸೀಮೆಯ ತನ್ನ ಮದುವೆ ಸೀರೆಗೆ ಮೈಸೂರು ಸೀಮೆಯ ಈ ಕಲ್ಲುಸರಪಳಿಯ ಅಂಚೇ ಬೇಕೆಂದು ಹಟ ಹಿಡಿದು ಗಾಡಿ ಕಟ್ಟಿಸಿದವಳು ವಿಜಯ. ಹಟ ಅಂಚಿನದಲ್ಲ. ಸೇಲಂನ ರೇಷ್ಮೆ ವ್ಯಾಪಾರಿಯೊಬ್ಬರು ಮಗನಿಗೆ ಅವಳನ್ನು ಕೇಳಲು ಬರುವವರಿದ್ದರು. ಮಗ್ಗಕ್ಕೆ ಹೂಡಿದ ಹಾಸು, ಅಂದರೆ ಉದ್ದನೂಲು, ನೇಯ್ದು ಮುಗಿಯುವತನಕ ಮನೆಯ ಹೆಣ್ಣಿನ ಮದುವೆ ಮಾತು ಎತ್ತಬಾರದು ಎನ್ನುವುದು ಅವಳ ಮನೆಯ ಕಟ್ಟಳೆ. ಸರಪಳಿ ಅಂಚಿಗೆ ಮೂರು ತಿಂಗಳಾದರೂ ಬೇಕು. ಅಷ್ಟರಲ್ಲಿ ದೇವಣ್ಣ ಬಾಯಿ ಬಿಟ್ಟಾನು ಎಂದು ಅವಳು ನಂಬಿದ್ದಳು. ಅವರದೇ ಜನದವನು, ನಾಲ್ಕು ವರ್ಷದಿಂದ ಅವರ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದವನು. ಕಣ್ಣು ಬೇಕಾದಷ್ಟು ಮಾತಾಡುತ್ತಿತ್ತು, ಬಾಯಿ ಮಾತ್ರ ಇಲ್ಲ.

"ಎಲ್ಲೂ ಜೋಡ್ಸಿಲ್ಲ, ನೋಡು. ಒಂದೇ ಕಲ್ಲಲ್ಲಿ ಕಡ್ದಿರದು," ಎಂದ ದೇವಣ್ಣ. "ಒಂದೇಟು ತಪ್ಪಿದ್ರೆ ಎಲ್ಲಾ ಓಯ್ತು."

"ಎದರ್ಕಂಡು ಏಟೇ ಆಕ್ದೆ ಕೂತಿದ್ರೆ ಸರಪಳಿ ಆಗ್ತಿತ್ತಾ?"

ವಿಜಯ ಸರಪಳಿಯನ್ನು ಹಾಳೆಯ ಮೇಲೆ ಬರೆದುಕೊಂಡಳು.

ಊರಿಗೆ ಬಂದವನೇ ದೇವಣ್ಣ ಮೈಮೇಲೆ ದೇವರು ಬಂದವನಂತೆ ನೇಯತೊಡಗಿದ. ಕೋಳಿ ಕೂಗಿದಾಗ ಮಗ್ಗದ ಕುಣಿಗೆ ಇಳಿದರೆ ದೀಪ ಹಚ್ಚುವಾಗ ಏಳುತ್ತಿದ್ದ. ಎರಡು ತಿಂಗಳಿಗೇ ಹಾಸು ಮುಗಿಯುತ್ತ ಬಂತು. ತನ್ನನ್ನು ಸೇಲಂಗೆ ಸಾಗಹಾಕಲು ಇವನಿಗೇ ಆತುರ ಅಂದುಕೊಂಡಳು ವಿಜಯ.

ಲಾಳಿಯ ಕಂಡಿಕೆಗೆ ನೂಲು ಸುತ್ತುವುದು ಅವಳ ಕೆಲಸ. ಅವಳು ರಾಟೆ ಬಿಟ್ಟು ಎದ್ದಳು. ಎರಡು ದಿನ ಮಗ್ಗ ಸುಮ್ಮನಿತ್ತು. ಮೂರನೆಯ ದಿನ ದೇವಣ್ಣ ಬರಿಗೈ ಚಾಚಿ ಬಂದ.

"ಕಂಡಿಕೆ ಕೊಡು ವಿಜಯ."

"ಕೊಡಲ್ಲ. ನಿಂಗ್ಯಾಕೆ ಇಷ್ಟು ಅವಸರ? ನನ್ನ ಸೇಲಂಗೆ ಕಳ್ಸಕಾ?"

ದೇವಣ್ಣ ಬಾಗಿಲತ್ತ ನೋಡಿ ದನಿ ತಗ್ಗಿಸಿದ. "ಹಾಸು ಇರಗಂಟ ಅವ್ರು ನಿನ್ನ ಕೇಳಂಗಿಲ್ಲ. ನಾನೂ ಕೇಳಂಗಿಲ್ಲ ಕಣೇ. ಮೂರ್ ತಿಂಗಳಿಗೆ ಬನ್ನಿ ಅಂತ ನಿಮ್ಮಪ್ಪ ಅವ್ರಿಗೆ ಯೋಳವ್ರೆ. ಅದ್ಕೂ ಮುಂಚೆ ಮುಗ್ಸಿ ನಾನು ಕೇಳ್ಬೇಕು."

ವಿಜಯಳಿಗೆ ನಗು, ಅಳು ಒಟ್ಟಿಗೇ ಬಂದವು. ಸೇಲಂನವರ ಬಾಯಿ ಕಟ್ಟಲು ಹೋಗಿ ಇವನ ಬಾಯಿಯನ್ನೂ ತಾನೇ ಕಟ್ಟಿದ್ದಳು.

"ದಡ್ಡ. ಇದ ನಂಗಾದ್ರೂ ಯೋಳಕೇನಾಗಿತ್ತು?" ಎನ್ನುತ್ತಲೇ ರಾಟೆಯ ಮುಂದೆ ಕೂತಳು. ಅವತ್ತು ಅವಳು ಸುತ್ತಿದಷ್ಟು ಕಂಡಿಕೆಯನ್ನು ಆ ಮನೆಯಲ್ಲಿ ಯಾರೂ ಸುತ್ತಿರಲಿಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ಸೀರೆ ಮಗ್ಗದಿಂದ ಇಳಿಯಿತು. ವೆಂಕಟಸ್ವಾಮಿ ಅಂಚನ್ನು ಬೆಳಕಿಗೆ ಹಿಡಿದು ಮೊಳ ಮೊಳವೂ ನೋಡಿದರು. ಒಂದು ಬಳೆಯೂ ತಪ್ಪಿರಲಿಲ್ಲ.

"ಒಸಿ ಮಾತದೆ," ಎಂದ ದೇವಣ್ಣ. ವಿಜಯಳ ಕಡೆ ನೋಡಿ ಮಾತು ಮುಂದುವರಿಸಿದ. "ವಿಜಯನ್ನ ನಂಗೆ ಕೊಡಿ."

ವಿಜಯ ಬಂದು ಅವನ ಪಕ್ಕ ನಿಂತಳು. "ಸೇಲಂನೋರ್ಗೆ ಬರಬ್ಯಾಡಿ ಅಂತ ಕಾಗದ ಆಕಪ್ಪ."

"ಕೂಲಿ ನೇಯೋನ್ಗೆ ಮಗಳು ಕೊಟ್ಟ ಅಂತ ಕೇರಿ ಆಡ್ಕತದೆ," ಎಂದರು ವೆಂಕಟಸ್ವಾಮಿ.

"ಆಡ್ಕಳ್ಳಿ. ಈ ಅಂಚು ನೇಯೋನು ಆ ಕೇರೀಲಿ ಇನ್ನೊಬ್ಬ ಇದ್ರೆ ತೋರ್ಸು. ಅವನ್ನೇ ಮದ್ವೆ ಆಯ್ತೀನಿ."

ವೆಂಕಟಸ್ವಾಮಿ ಅಂಚನ್ನು ಮತ್ತೊಮ್ಮೆ ಬೆರಳಲ್ಲಿ ಸವರಿದರು. ಆಮೇಲೆ ಸೀರೆ ಮಡಿಸಿ ಮಗಳ ಕೈಗಿಟ್ಟರು.

"ದೇವಣ್ಣ, ಮಗ್ಗಕ್ಕೆ ಹೊಸ ಹಾಸು ಹೂಡಬ್ಯಾಡ," ಎಂದರು. "ಹೂಡಿದ್ರೆ ಮದ್ವೆ ಮಾತು ಆಡಂಗಿಲ್ಲ."