ಹಸನಬ್ಬರ ಪ್ಲೇಟು

ಕತ್ತಿ ಮುರಿದದ್ದು ತೆಂಗಿನ ಮರದ ತುದಿಯಲ್ಲಿ.

೧೯೬೧ರ ಜನವರಿ, ಸಿದ್ಧಕಟ್ಟೆ. ಕಾಯಿ ಕೀಳುವ ಅಣ್ಣು ಗೊನೆಗೆ ಎರಡನೇ ಏಟು ಹಾಕಿದ್ದಷ್ಟೆ. ಅಲಗಿನ ಅರ್ಧ ಹಾರಿಹೋಯಿತು. ಗಾಬರಿಯಲ್ಲಿ ಹಿಡಿತ ತಪ್ಪಿ, ಮರ ತಬ್ಬಿಕೊಂಡೇ ಜಾರಿ ಬಿದ್ದ. ಜೀವ ಉಳಿಯಿತು, ಬಲಗೈ ಮುರಿಯಿತು.

ಒಂದೇ ತಿಂಗಳಲ್ಲಿ ಮುರಿದ ಮೂರನೇ ಕತ್ತಿ ಅದು. ಮೂರೂ ಶಂಭು ಆಚಾರಿಯವರ ಕುಲುಮೆಯವು. ಮೂರೂ ಒಂದೇ ಕಬ್ಬಿಣದ ಪ್ಲೇಟಿನವು, ಅದನ್ನು ಕೊಟ್ಟವರು ಬಂಟ್ವಾಳದ ಗುಜರಿ ವ್ಯಾಪಾರಿ ಹಸನಬ್ಬ. ಮರುದಿನವೇ ಠಾಣೆಗೆ ದೂರು: 'ಹಸನಬ್ಬ ಕೆಟ್ಟ ಕಬ್ಬಿಣ ಕೊಟ್ಟು ಮೋಸ ಮಾಡಿದ್ದಾನೆ.'

ದೂರು ದಫೇದಾರ ಶೀನಪ್ಪನ ಕೈಗೆ ಬಂತು. ಶೀನಪ್ಪನದು ಒಂದು ಚಾಳಿ. ಕಾಗದದಲ್ಲಿ ಬರೆದದ್ದನ್ನು ನಂಬುವವನಲ್ಲ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರಲ್ಲ, ಅಂಥ ಆಸಾಮಿ. ಆಚಾರಿಯವರ ಕುಲುಮೆಗೆ ಸೈಕಲ್ ಹತ್ತಿದ.

*

"ಪ್ಲೇಟು ಕೆಟ್ಟದ್ದು ಅಂತ ಖಾತ್ರಿ ಉಂಟಾ, ಆಚಾರ್ರೆ?"

ಶಂಭು ಆಚಾರಿಗೆ ಅರವತ್ತು ದಾಟಿತ್ತು. ಮುರಿದ ತುಂಡನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಮುರಿದ ಜಾಗ ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು.

"ನನ್ನ ಕುಲುಮೆ ಅದೇ, ಇದ್ದಲು ಅದೇ, ಕೈ ಅದೇ. ಮತ್ತೆ ಕಬ್ಬಿಣವೇ ಅಲ್ಲವಾ?" ಅವರ ಸ್ವರ ಇಳಿಯಿತು. "ಇಪ್ಪತ್ತೆರಡು ವರ್ಷ ದಫೇದಾರ್ರೆ, ಹಸನಬ್ಬರದ್ದು ಬಿಟ್ಟು ಬೇರೆಯವರ ಕಬ್ಬಿಣ ಮುಟ್ಟಿದವನಲ್ಲ ನಾನು. ದೂರು ನಾನು ಕೊಟ್ಟದ್ದಲ್ಲ."

"ಮತ್ಯಾರು ಬರೆದದ್ದು?"

"ಮೂಡುಬಿದಿರೆಯ ಗುಜರಿ ಕಮಲಾಕ್ಷ. ಅಣ್ಣುವಿನ ಹೆಬ್ಬೆಟ್ಟು ಒತ್ತಿಸಿದ್ದೂ ಅವನೇ. ಇನ್ನು ಮುಂದೆ ಕಬ್ಬಿಣ ಅವನೇ ಕೊಡ್ತಾನಂತೆ."

ಶೀನಪ್ಪನ ಕಿವಿ ನಿಮಿರಿತು. ಆಚಾರಿಯವರ ಹೆಂಡತಿ ಜಲಜಾಕ್ಷಿ ಮಜ್ಜಿಗೆ ತಂದಿಟ್ಟು ಒಳಗೆ ಹೋದರು.

*

"ಆಚಾರ್ರ ಪ್ಲೇಟು ಬದಲಾಯಿಸಿದ್ದು ನೀನೇ ಅಲ್ಲವಾ?"

ಶೀನಪ್ಪ ಮೂಡುಬಿದಿರೆಗೆ ಹೋಗಿ ಕೇಳಿದ್ದಕ್ಕೆ ಕಮಲಾಕ್ಷ ತಕ್ಕಡಿ ಬಿಟ್ಟು ಎದ್ದು ನಿಂತ. "ಅಯ್ಯೋ, ಇಲ್ಲ ಮಾರಾಯ್ರೆ! ಎರಡನೇ ಕತ್ತಿ ಮುರಿದ ಸುದ್ದಿ ಕೇಳಿದ ಮೇಲೆಯೇ ನಾನು ಸಿದ್ಧಕಟ್ಟೆಗೆ ಕಾಲಿಟ್ಟದ್ದು. ಬಸ್ಸಿನ ಕಂಡಕ್ಟರನನ್ನು ಕೇಳಿ."

ಕಂಡಕ್ಟರನೂ ಹೌದೆಂದ. ಕಮಲಾಕ್ಷ ಉರಿಯುವ ಮನೆಯ ಗಳ ಹಿರಿಯುವವನೇ ಹೊರತು ಬೆಂಕಿ ಹಚ್ಚಿದವನಲ್ಲ. ಶೀನಪ್ಪ ಸೈಕಲನ್ನು ಬಂಟ್ವಾಳಕ್ಕೆ ತಿರುಗಿಸಿದ.

*

ಹಸನಬ್ಬ ಅಂಗಡಿ ತೆರೆಯದೆ ಎರಡು ದಿನವಾಗಿತ್ತು. ಜಗಲಿಯಲ್ಲಿ ಕೂತಿದ್ದವರು ತಲೆ ಎತ್ತಲಿಲ್ಲ.

"ಚಾರ್ಮಾಡಿಯಲ್ಲಿ ಕೆಟ್ಟು ನಿಂತ ಲಾರಿಯ ಸ್ಪ್ರಿಂಗ್ ಪ್ಲೇಟು ಅದು. ಬಿರುಕು ಬಿಟ್ಟದ್ದನ್ನು ಆಚಾರ್ರಿಗೆ ನಾನು ಕೊಡುವುದೇ ಇಲ್ಲ. ಸುತ್ತಿಗೆಯಲ್ಲಿ ಬಡಿದು, ಸದ್ದು ಕೇಳಿಯೇ ಕೊಡುವುದು." ಎರಡೂ ಕೈ ಮುಂದೆ ಚಾಚಿದರು. "ಜೈಲಿಗೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಆಚಾರ್ರೂ ನನ್ನನ್ನು ಕಳ್ಳ ಅಂತ ತಿಳಿದರಲ್ಲ!"

ಅಷ್ಟರಲ್ಲಿ ಅಡುಗೆಮನೆಯಿಂದ ಟಕ್ ಟಕ್ ಸದ್ದು. ಹಸನಬ್ಬರ ಹೆಂಡತಿ ಅವ್ವಮ್ಮ ಆಡಿನ ಎಲುಬು ಕಡಿಯುತ್ತಿದ್ದರು.

"ಆ ಕತ್ತಿ ಯಾರದ್ದು, ಅವ್ವಮ್ಮ?"

"ಆಚಾರ್ರದ್ದೇ. ಇವರು ಹೊಸ ಪ್ಲೇಟು ಕೊಟ್ಟರೆ ಅದರ ಮೊದಲ ಕತ್ತಿ ನಮ್ಮ ಮನೆಗೆ. ಅವರ ಕ್ರಮ. ಇದು ಆಯುಧ ಪೂಜೆಯ ಮರುದಿನ ತಂದದ್ದು."

"ಯಾವ ಪ್ಲೇಟಿನದು?"

"ಈಗ ಜಗಳ ಇರುವುದರದ್ದೇ. ಆಮೇಲೆ ಬೇರೆ ಕೊಟ್ಟದ್ದೇ ಇಲ್ಲವಲ್ಲ!"

ಶೀನಪ್ಪ ಅಲಗಿನ ಮೇಲೆ ಹೆಬ್ಬೆರಳು ಸವರಿದ. ಮೂರು ತಿಂಗಳು ಎಲುಬು ಕಡಿದಿದ್ದರೂ ಒಂದು ಮುಕ್ಕಿಲ್ಲ. ಒಂದೇ ಪ್ಲೇಟಿನ ಒಂದು ಕತ್ತಿ ಎಲುಬಿಗೆ ಜಗ್ಗುವುದಿಲ್ಲ, ಮೂರು ಕತ್ತಿ ತೆಂಗಿನ ಗೊನೆಗೆ ಮುರಿಯುತ್ತವೆ. ಹಾಗಾದರೆ ಬದಲಾದದ್ದು ಕಬ್ಬಿಣವಲ್ಲ.

"ಏಳಿ ಹಸನಬ್ಬರೆ, ಸಿದ್ಧಕಟ್ಟೆಗೆ ಹೋಗುವ."

*

"ಉಳಿದ ತುಂಡಿನಲ್ಲಿ ಒಂದು ಕತ್ತಿ ಮಾಡಿ, ಆಚಾರ್ರೆ. ನಾನು ನೋಡ್ತೇನೆ."

ನಡು ಮಧ್ಯಾಹ್ನ. ಜಲಜಾಕ್ಷಿ ತಿದಿ ಒತ್ತಿದರು. ಹಸನಬ್ಬ ಬಾಗಿಲಲ್ಲೇ ನಿಂತರು. ಅಲಗು ಬಡಿದು ರೂಪಕ್ಕೆ ಬಂದ ಮೇಲೆ, ಹದ ಕೊಡಲು ಆಚಾರಿ ಅದನ್ನು ಮತ್ತೆ ಬೆಂಕಿಗಿಟ್ಟರು. ಮಾಡಿನ ಮಸಿ ಹಿಡಿದ ಹಂಚುಗಳ ನಡುವಿನ ಹೊಸ ಗಾಜಿನ ಹಂಚಿನಿಂದ ಬಿಸಿಲು ನೇರ ಒಲೆಯ ಮೇಲೆ ಬೀಳುತ್ತಿತ್ತು.

"ದಾಸವಾಳದ ಕೆಂಪು ಬಂತು," ಎಂದು ಆಚಾರಿ ಇಕ್ಕಳ ಎತ್ತಿದರು. "ಇನ್ನು ನೀರು ಕುಡಿಸುವುದು."

"ನಿಲ್ಲಿ!"

ಶೀನಪ್ಪ ಗೋಣಿಯನ್ನು ಬಿದಿರಿನ ತುದಿಗೆ ಸಿಕ್ಕಿಸಿ ಗಾಜಿನ ಹಂಚಿಗೆ ಒತ್ತಿ ಹಿಡಿದ. ಕುಲುಮೆ ಕತ್ತಲಾಯಿತು.

ಇಕ್ಕಳದಲ್ಲಿದ್ದ ಅಲಗು ದಾಸವಾಳವಾಗಿರಲಿಲ್ಲ. ಹಣ್ಣು ಕಿತ್ತಳೆಯ ಹಾಗೆ ಧಗಧಗ ಹೊಳೆಯುತ್ತಿತ್ತು.

"ಇಷ್ಟು ಕಾದಿದೆಯಾ?" ಆಚಾರಿ ಕಣ್ಣು ಕಿರಿದು ಮಾಡಿ ನೋಡಿದರು.

"ಬಿಸಿಲಿನಲ್ಲಿ ದೀಪದ ಹಾಗೆ ಕಾದ ಕಬ್ಬಿಣವೂ ಮಂಕಾಗಿ ಕಾಣ್ತದೆ," ಎಂದ ಶೀನಪ್ಪ. "ಸಾಲದು ಅಂತ ನೀವು ಇನ್ನೂ ಕಾಯಿಸಿದಿರಿ. ಅತಿಯಾಗಿ ಕಾದದ್ದನ್ನು ನೀರಿಗೆ ಅದ್ದಿದಿರಿ. ಒಳಗೆ ಹರಳುಗಟ್ಟಿ ಮುರಿಯಿತು. ಅವ್ವಮ್ಮನ ಕತ್ತಿ ಅದೇ ಪ್ಲೇಟಿನದು, ಇವತ್ತಿಗೂ ಎಲುಬು ಕಡಿಯುತ್ತಾ ಉಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಈ ಗಾಜಿನ ಹಂಚು ಬಂದದ್ದು ಆಯುಧ ಪೂಜೆಯ ನಂತರ ಅಲ್ಲವಾ?"

ತಿದಿ ನಿಂತಿತು.

"ದೀಪಾವಳಿ ಕಳೆದು. ನಾನೇ ಹಾಕಿಸಿದ್ದು," ಎಂದರು ಜಲಜಾಕ್ಷಿ. "ಇವರು ಎರಡು ಸಲ ಬೆರಳಿಗೆ ಹೊಡೆದುಕೊಂಡರು. ಕಣ್ಣು ಕಾಣುವುದಿಲ್ಲ ಅಂತ ನನ್ನಲ್ಲಿ ಹೇಳಲಿಲ್ಲ. ನನಗೆ ಗೊತ್ತಾಗಿದೆ ಅಂತ ನಾನೂ ಹೇಳಲಿಲ್ಲ. ಹಂಚು ಒಡೆದಿತ್ತು ಅಂತ ಸುಳ್ಳು ಹೇಳಿದೆ." ಸೆರಗು ಬಾಯಿಗೆ ಹೋಯಿತು. "ಅಣ್ಣುವಿನ ಕೈ ನಾನೇ ಮುರಿದ ಹಾಗಾಯಿತಲ್ಲ!"

"ನೀನಲ್ಲ." ಆಚಾರಿ ಇಕ್ಕಳ ಕೆಳಗಿಟ್ಟರು. "ಕುಲುಮೆಯಲ್ಲಿ ಕತ್ತಲೆ ಯಾಕೆ ಬೇಕು ಅಂತ ನನ್ನ ಅಪ್ಪ ಹೇಳಿಕೊಟ್ಟಿದ್ದರು. ಮರೆತವನು ನಾನು. ಕಣ್ಣಿನ ಸಂಗತಿ ಬಚ್ಚಿಟ್ಟವನೂ ನಾನು."

ಬಾಗಿಲಿಗೆ ನಡೆದು, ತೀರ ಹತ್ತಿರ ಹೋಗಿ ಹಸನಬ್ಬರ ಮುಖ ನೋಡಿದರು. ಅಷ್ಟು ಹತ್ತಿರ ಹೋಗದೆ ಅವರಿಗೆ ಆ ಕಣ್ಣೀರು ಕಾಣುತ್ತಿರಲಿಲ್ಲ.

"ನಿಮ್ಮ ಕಬ್ಬಿಣವನ್ನು ಸಂಶಯಪಟ್ಟೆ, ಹಸನಬ್ಬರೆ. ಕೈ ಕೂಡುವವರೆಗೆ ಅಣ್ಣುವಿನ ಮನೆಯ ಅಕ್ಕಿ ನನ್ನದು."

"ಅರ್ಧ ನನ್ನದು," ಎಂದರು ಹಸನಬ್ಬ. "ಪ್ಲೇಟು ನನ್ನದಲ್ಲವಾ? ಈ ಕತ್ತಿಯೂ ಅವನಿಗೇ ಇರಲಿ."

ಅವರು ಶೀನಪ್ಪನ ಕೈಯಿಂದ ಬಿದಿರನ್ನು ತೆಗೆದುಕೊಂಡು ತಾವೇ ಗೋಣಿ ಒತ್ತಿ ಹಿಡಿದರು. ತಣಿದ ಅಲಗು ಮತ್ತೆ ಬೆಂಕಿಗೆ ಹೋಯಿತು.

"ಬಣ್ಣ ನೀನು ಹೇಳು," ಎಂದರು ಆಚಾರಿ, ಹೆಂಡತಿಗೆ. "ನಲ್ವತ್ತು ವರ್ಷದಿಂದ ಈ ಬೆಂಕಿ ನೋಡಿದವಳು ನೀನೂ ಅಲ್ಲವಾ?"

ಜಲಜಾಕ್ಷಿ ಕಣ್ಣೊರೆಸಿಕೊಂಡು ತಿದಿ ಒತ್ತಿದರು. ಕತ್ತಲಲ್ಲಿ ಅಲಗು ದಾಸವಾಳದ ಕೆಂಪಿಗೆ ಬಂತು.

"ಈಗ," ಎಂದರು ಅವರು.

ಅಲಗು ನೀರಿಗೆ ಇಳಿಯಿತು.